ಓದುಗರ ಪ್ರಶ್ನೆ: ಜಾಮ್ ತರಬೇತಿಗೆ ವಿದ್ಯಾರ್ಥಿಗಳೇ ಬರುತ್ತಿಲ್ಲ

ಪ್ರಶ್ನೆ: ನಮ್ಮ ಪದವಿ ಕಾಲೇಜಿನಲ್ಲಿ ಐಐಟಿಗಳ ಎಂ.ಎಸ್ಸಿ. ಪ್ರವೇಶ ಪರೀಕ್ಷೆಯಾದ ಜಾಮ್‌ಗೆ ಉಚಿತ ತರಬೇತಿ ಶುರುಮಾಡಿದ್ದೇವೆ. ನೋಟಿಸ್ ಹಾಕಿದರೆ ಐದಾರು ಮಂದಿ ಬರುತ್ತಾರೆ, ಅವರೂ ದಸರಾ ಮುಗಿಯುವಷ್ಟರಲ್ಲಿ ಕರಗುತ್ತಾರೆ. ಏನು ಮಾಡಬೇಕು?
– ಉಪನ್ಯಾಸಕಿ, ಹಾವೇರಿ ಜಿಲ್ಲೆ

ಉತ್ತರ: ನೋಟಿಸ್ ಓದಿದ ಹುಡುಗರು ಇದು ರ‍್ಯಾಂಕ್ ಬರುವವರಿಗೆ ಅಂದುಕೊಂಡು ಮುಂದೆ ಹೋಗುತ್ತಾರೆ. ಅದನ್ನು ಬಿಟ್ಟು ನೀವೇ ತರಗತಿಗೆ ಹೋಗಿ. ಹತ್ತು ನಿಮಿಷ ಸಾಕು. ಭಾಷಣ ಬೇಡ, ಹಳೆಯ ಪತ್ರಿಕೆಯ ಸುಲಭ ಪ್ರಶ್ನೆಯೊಂದನ್ನು ಬೋರ್ಡಿನ ಮೇಲೆ ಬರೆದು ಅವರಿಂದಲೇ ಬಿಡಿಸಿ. 'ಇದು ನಮಗೂ ಬರುತ್ತಲ್ಲ' ಅನ್ನಿಸಿದವರು ಆಮೇಲೆ ತಾವಾಗಿ ಸ್ಟಾಫ್ ರೂಮಿಗೆ ಬರುತ್ತಾರೆ. ಸಂಕೋಚದಿಂದ ಹಿಂದೆ ಉಳಿಯುವವರನ್ನು, ಮುಖ್ಯವಾಗಿ ಹುಡುಗಿಯರನ್ನು, ಹೆಸರು ಹಿಡಿದು ಕರೆಯಲೇಬೇಕು.

ಕರೆಯುವ ಕಾಲ ಮೂರನೇ ಸೆಮಿಸ್ಟರ್. ಅರ್ಜಿ ಮೂರನೇ ವರ್ಷದ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ, ಪರೀಕ್ಷೆ ಫೆಬ್ರುವರಿಯಲ್ಲಿ. ಐದನೇ ಸೆಮಿಸ್ಟರ್‌ನಲ್ಲಿ ಸೇರಿಸಿಕೊಂಡರೆ ಇಂಟರ್ನಲ್ಸ್, ಪ್ರಾಕ್ಟಿಕಲ್ಸ್, ವಿಶ್ವವಿದ್ಯಾಲಯದ ಪರೀಕ್ಷೆ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ನಿಮ್ಮ ತಂಡ ಕರಗಲು ಇದೂ ಒಂದು ಕಾರಣವಿರಬಹುದು.

ಸೆಮಿಸ್ಟರ್ ಅಂಕ ನೋಡಿ ಆರಿಸಬೇಡಿ. ಬಾಯಿಪಾಠದಿಂದ 85 ತೆಗೆದವರು ಇಲ್ಲಿ ಎಡವುತ್ತಾರೆ. 100 ಅಂಕದ ಈ ಪತ್ರಿಕೆಯಲ್ಲಿ 30 ಅಂಕ ಉತ್ತರದ ಸಂಖ್ಯೆಯನ್ನೇ ಟೈಪ್ ಮಾಡುವ ಪ್ರಶ್ನೆಗಳಿಗೆ. ಅಲ್ಲಿ ಆಯ್ಕೆಗಳಿಲ್ಲ, ತಪ್ಪಿದರೆ ಕಳೆಯುವುದೂ ಇಲ್ಲ. ಆ ಬಗೆಯ ಹದಿನೈದು ಪ್ರಶ್ನೆ ಕೊಟ್ಟು ಒಂದು ಗಂಟೆ ಕೂರಿಸಿ. ನಾಲ್ಕು ಸರಿಮಾಡಿದವರನ್ನೂ ತೆಗೆದುಕೊಳ್ಳಿ. ಕೊನೆಯವರೆಗೂ ಪೆನ್ನು ಕೆಳಗಿಡದವರನ್ನಂತೂ ಬಿಡಬೇಡಿ.

ಇನ್ನು ಬಸ್ಸು. ಸಂಜೆ ನಾಲ್ಕೂವರೆಯ ಕ್ಲಾಸು ಹಳ್ಳಿಯಿಂದ ಬರುವವರಿಗೆ ಆಗದು, ಊರಿನ ಕೊನೆಯ ಬಸ್ಸು ತಪ್ಪಿದರೆ ಮನೆಯವರು ಮಾರನೆಯ ದಿನ ಕಳಿಸುವುದೇ ಇಲ್ಲ. ವೇಳಾಪಟ್ಟಿಯೊಳಗೇ ವಾರಕ್ಕೆ ಮೂರು ಪಿರಿಯಡ್ ಬಿಡಿಸಿಕೊಳ್ಳಲು ಪ್ರಿನ್ಸಿಪಾಲರನ್ನು ಒಪ್ಪಿಸಿ. ಪರೀಕ್ಷೆ ಇಂಗ್ಲಿಷಿನಲ್ಲೇ ಇರುತ್ತದೆ. ಪಾಠ ಕನ್ನಡದಲ್ಲಿ ಹೇಳಿ, ಪ್ರಶ್ನೆಯನ್ನು ಮಾತ್ರ ಮೊದಲ ದಿನದಿಂದ ಇಂಗ್ಲಿಷಿನಲ್ಲೇ ಓದಿಸಿ.

ಸೇರಿದವರನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಅರ್ಜಿಯ ಹಂತದಲ್ಲಿ. ಸೈಬರ್ ಅಂಗಡಿಯವನ ಮೊಬೈಲ್, ಇಮೇಲ್ ಕೊಟ್ಟು ನೋಂದಾಯಿಸಿದರೆ ಮುಂದೆ ಒಟಿಪಿ, ಪ್ರವೇಶಪತ್ರ, ಸೀಟಿನ ಸೂಚನೆ ಎಲ್ಲ ಅವನಿಗೇ ಹೋಗುತ್ತವೆ. ಕಾಲೇಜಿನ ಲ್ಯಾಬಿನಲ್ಲೇ, ಅವರವರ ಇಮೇಲ್‌ನಿಂದ ತುಂಬಿಸಿ. ಒಬಿಸಿ (ಇತರೆ ಹಿಂದುಳಿದ ವರ್ಗ) ಮೀಸಲಾತಿಗೆ 2ಎ, 3ಎ ಎಂದಿರುವ ರಾಜ್ಯದ ಪ್ರಮಾಣಪತ್ರ ಇಲ್ಲಿ ನಡೆಯದು. ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿರಬೇಕು, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿರಬೇಕು, ಆ ವರ್ಷದ ಸೂಚನೆ ಹೇಳಿದ ದಿನಾಂಕಕ್ಕೆ ಹೊಂದಬೇಕು. ಅರ್ಜಿ ಶುರುವಾಗುವ ಮೊದಲೇ ನಾಡಕಚೇರಿಗೆ ಕಳಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಅರ್ಜಿ ಶುಲ್ಕ ಅರ್ಧ ಮಾತ್ರ. ಇದನ್ನು ತರಗತಿಯಲ್ಲೇ ಹೇಳಿ.

ಪ್ರಶ್ನೆ: ನಮ್ಮದು ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜೂವಾಲಜಿ). ಗಣಿತದವರನ್ನಷ್ಟೇ ಕರೆದರು. ನಮಗೆ ಜಾಮ್ ಇಲ್ಲವೇ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಇದೆ. ಏಳು ಪತ್ರಿಕೆಗಳಲ್ಲಿ ಬಯೋಟೆಕ್ನಾಲಜಿ, ಕೆಮಿಸ್ಟ್ರಿ ಎರಡೂ ನಿಮಗೆ ಹೊಂದುತ್ತವೆ. ಬಯೋಟೆಕ್ನಾಲಜಿಯಲ್ಲಿ ಪಿಯುಸಿ ಮಟ್ಟದ ಭೌತಶಾಸ್ತ್ರ, ಗಣಿತವೂ ಬರುತ್ತವೆ, ಹಳೆಯ ಪುಸ್ತಕ ತೆಗೆಯಿರಿ. ನಿಮ್ಮನ್ನು ಕರೆಯದೇ ಇದ್ದದ್ದು ಕಾಲೇಜಿನ ತಪ್ಪು. ಬಾಟನಿ, ಜೂವಾಲಜಿ ವಿಭಾಗಗಳಿಗೆ ಹೇಳದೆ ನಡೆಸುವ ತರಬೇತಿಗಳು ಬಹಳ. ಪರೀಕ್ಷೆಗೆ ಅಂತಿಮ ವರ್ಷದವರೂ ಕೂರಬಹುದು, ವಯಸ್ಸಿನ ಮಿತಿಯಿಲ್ಲ. ಆದರೆ ಯಾವ ಐಐಟಿಯ ಯಾವ ಕೋರ್ಸಿಗೆ ಪದವಿಯಲ್ಲಿ ಯಾವ ವಿಷಯ ಓದಿರಬೇಕು ಎಂಬ ಪಟ್ಟಿ ಬೇರೆಯೇ ಇದೆ, ಅರ್ಜಿಗೆ ಮೊದಲೇ ಅದನ್ನು ನೋಡಿ.

ಪ್ರಶ್ನೆ: ಮಗಳಿಗೆ ಬಿ.ಇಡಿ. ಮಾಡಿಸಬೇಕೆಂದಿದ್ದೇವೆ. ಈ ತರಬೇತಿಗೆ ಸೇರಿಸಿದರೆ ವರ್ಷ ಹಾಳಾಗುವುದೇ?
– ಪೋಷಕರು, ಗದಗ

ಉತ್ತರ: ಆಗದು. ಪರೀಕ್ಷೆ ಮೂರನೇ ವರ್ಷದೊಳಗೇ ಮುಗಿಯುತ್ತದೆ, ಬಿ.ಇಡಿ. ಅರ್ಜಿ ಹಾಕಲು ಅಡ್ಡಿಯಿಲ್ಲ. ಇದೇ ಓದಿನಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಸಿಯುಇಟಿ-ಪಿಜಿ ಬರೆದರೆ ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಪ್ರಯತ್ನಿಸಬಹುದು. ಜಾಮ್ ಅಂಕದಿಂದ ಎನ್‌ಐಟಿಗಳಿಗೂ, ಸುರತ್ಕಲ್ ಸೇರಿ, ದಾರಿಯಿದೆ. ಎನ್‌ಐಟಿ ಸೀಟು ಹಂಚುವ ಕೌನ್ಸೆಲಿಂಗ್‌ಗೆ ಮಾತ್ರ ಪ್ರತ್ಯೇಕವಾಗಿ ನೋಂದಾಯಿಸಬೇಕು.