ಟೂರಿಂಗ್ ಹೆಲ್ಮೆಟ್ ಯಾವುದು ತಗೊಳ್ಳಲಿ, ಎದುರು ಬಿಸಿಲಿಗೆ ಏನು ಮಾಡಲಿ?

ನೀವು ಕೇಳಿದ್ದು ಇಷ್ಟು ಅಲ್ವಾ: ದಿನವಿಡೀ ಬೈಕ್ ಓಡಿಸುವಂಥ ಟೂರ್‌ಗೆ ಹೊಸ ಹೆಲ್ಮೆಟ್ ಬೇಕು, ಕನ್ನಡಕ ಹಾಕುತ್ತೀರಿ, ಸಂಜೆಯ ಎದುರು ಬಿಸಿಲಿಗೆ ರಸ್ತೆಯೇ ಕಾಣುವುದಿಲ್ಲ, ಹಾಗಾಗಿ ಕಪ್ಪು ವೈಸರ್ (ಮುಖದ ಮುಂದಿನ ಪ್ಲಾಸ್ಟಿಕ್ ಪರದೆ) ಇರುವ, ಗಲ್ಲವನ್ನೂ ಮುಚ್ಚುವ ಫುಲ್ ಫೇಸ್ ಹೆಲ್ಮೆಟ್ ಸಾಕಾ ಅಂತ. ಫುಲ್ ಫೇಸ್ ಸರಿ. ಕಪ್ಪು ವೈಸರ್ ಬೇಡ.

ಟೂರ್‌ನಲ್ಲಿ ಅಂದುಕೊಂಡ ಹೊತ್ತಿಗೆ ತಲುಪುವುದು ಅಪರೂಪ. ಪಂಕ್ಚರ್ ಆಗುತ್ತದೆ, ದಾರಿ ತಪ್ಪುತ್ತದೆ, ಕತ್ತಲಾಗುತ್ತದೆ. ಆಗ ಇರುವುದು ಕಪ್ಪು ವೈಸರ್ ಒಂದೇ ಆದರೆ, ಅದನ್ನು ಮೇಲೆತ್ತಿ ಕಣ್ಣಿಗೆ ಹುಳ ಹೊಡೆಸಿಕೊಳ್ಳುತ್ತಾ ಓಡಿಸಬೇಕು, ಇಲ್ಲಾಂದ್ರೆ ಕತ್ತಲಲ್ಲೇ ಊಹೆ ಮಾಡುತ್ತಾ ಹೋಗಬೇಕು. ಯುರೋಪಿನ ಹೆಲ್ಮೆಟ್ ಸುರಕ್ಷತೆಯ ಇಸಿಇ 22.06 ನಿಯಮ 35% ಬೆಳಕು ಬಿಡುವ ವೈಸರ್‌ಗೂ ಒಪ್ಪಿಗೆ ಕೊಡುತ್ತದೆ, ಆದರೆ ಹಗಲಿಗೆ ಮಾತ್ರ ಅನ್ನುವ ಗುರುತು ಅದರ ಮೇಲೆ ಇರಲೇಬೇಕು. ರಾತ್ರಿಗೂ ಆಗಬೇಕಾದರೆ ಕನಿಷ್ಠ 80% ಬೆಳಕು ದಾಟಬೇಕು. ಬಿಸಿಲಿಗೆ ಬೇಕಾದ್ದು ಒಂದು ಬೆರಳಲ್ಲಿ ಹಾಕಿ ತೆಗೆಯುವಂಥ ವ್ಯವಸ್ಥೆ, ಅಂದರೆ ಒಳಗಿನಿಂದ ಕೆಳಗಿಳಿಯುವ ಸನ್ ವೈಸರ್. ಮರಗಳ ನೆರಳಿಗೋ ಸುರಂಗಕ್ಕೋ ನುಗ್ಗುವ ಮೊದಲು ಅದನ್ನು ಸರಕ್ಕನೆ ಮೇಲೆತ್ತಬಹುದು. ಲಿವರ್ ಎಡಗಡೆ ಇರುವುದನ್ನೇ ನೋಡಿ, ಬಲಗೈ ಥ್ರಾಟಲ್ ಮೇಲೆ ಇರುತ್ತದಲ್ಲ.

ಆದರೆ ಬಿಸಿಲಿನ ಮಾತಿಗಿಂತ ಮೊದಲು ಫಿಟ್ಟಿಂಗ್. ಟೇಪಿನಲ್ಲಿ ಹುಬ್ಬಿನ ಸ್ವಲ್ಪ ಮೇಲಿಂದ ಅಳತೆ ತೆಗೆದರೆ ಸೈಜ್ ಗೊತ್ತಾಗುತ್ತದೆ, ತಲೆಯ ಆಕಾರ ಗೊತ್ತಾಗುವುದಿಲ್ಲ. ಕೆಲವರದು ದುಂಡು, ಕೆಲವರದು ಹಿಂದೆ ಮುಂದೆ ಉದ್ದ, ಹೆಚ್ಚಿನವರದು ಇವೆರಡರ ನಡುವೆ. ಉದ್ದ ತಲೆಯವರು ದುಂಡು ಹೆಲ್ಮೆಟ್ ಹಾಕಿದರೆ ಹಣೆ ಮಧ್ಯದಲ್ಲಿ ಒತ್ತುತ್ತದೆ. ಮೊದಲ ಐದು ನಿಮಿಷ ಏನೂ ಅನಿಸುವುದಿಲ್ಲ, ಎರಡು ಗಂಟೆ ಕಳೆದ ಮೇಲೆ ಹೆಲ್ಮೆಟ್ ಕಿತ್ತೆಸೆಯಬೇಕು ಅನಿಸುತ್ತದೆ. ಹಾಗಾಗಿ ಅಂಗಡಿಯಲ್ಲೇ ಅರ್ಧ ಗಂಟೆ ಹಾಕಿಕೊಂಡು ಕೂತಿರಿ, ಯಾರು ಏನಂದುಕೊಂಡರೂ ಪರವಾಗಿಲ್ಲ. ಕೆನ್ನೆ ಬಿಗಿಯಾಗಿದ್ದರೆ ಚಿಂತೆಯಿಲ್ಲ, ಪ್ಯಾಡ್ ಕ್ರಮೇಣ ಒಗ್ಗುತ್ತದೆ, ಬೇಕಾದರೆ ಬದಲಾಯಿಸಲೂ ಬಹುದು. ಹಣೆಯಲ್ಲಿ ಒಂದೇ ಜಾಗ ನೋವಾದರೆ ಆ ಮಾಡೆಲ್ ಬಿಡಿ. ಸ್ಟ್ರಾಪ್ ಕಟ್ಟಿದ ಮೇಲೆ ಹಿಂದಿನಿಂದ ಹಿಡಿದು ಮುಂದಕ್ಕೆ ಎಳೆಯಿರಿ, ಕಳಚಿ ಬರುವಂತಿದ್ದರೆ ಅದೂ ಬೇಡ. ಇದೆಲ್ಲಾ ನಿಮ್ಮ ಕನ್ನಡಕ ಹಾಕಿಕೊಂಡೇ ಮಾಡಿ. ಕಡ್ಡಿಗೆ ಜಾಗ ಬಿಟ್ಟಿದ್ದಾರಾ, ಸನ್ ವೈಸರ್ ಇಳಿಸಿದಾಗ ಕನ್ನಡಕಕ್ಕೆ ತಗಲುತ್ತದಾ ಅನ್ನುವುದು ಹಾಕಿ ನೋಡದೆ ಗೊತ್ತಾಗುವುದಿಲ್ಲ.

ಕನ್ನಡಕ ಇದೆ ಅಂತ ಗಲ್ಲದ ಭಾಗ ಮೇಲೆತ್ತಬಹುದಾದ ಫ್ಲಿಪ್ ಅಪ್ ಹೆಲ್ಮೆಟ್ ಕಡೆ ಮನಸ್ಸು ಹೋದರೆ ತಪ್ಪಿಲ್ಲ, ಹಾಕಿ ತೆಗೆಯುವುದು ಸಲೀಸು. ತೂಕ ಮಾತ್ರ ಸ್ವಲ್ಪ ಜಾಸ್ತಿ. ಲೇಬಲ್‌ನಲ್ಲಿ ‘ಪಿ/ಜೆ’ ಅಂತಿದ್ದರೆ ಗಲ್ಲದ ಭಾಗ ಮುಚ್ಚಿದಾಗಲೂ ಎತ್ತಿದಾಗಲೂ ಪರೀಕ್ಷೆ ಪಾಸಾಗಿದೆ ಅಂತ ಅರ್ಥ. ಹೊಸದು ತಗೊಳ್ಳುವುದಾದರೆ 22.06 ಇರುವುದನ್ನೇ ಹುಡುಕಿ. ಹಳೆಯ 22.05ರಲ್ಲಿ ಇಲ್ಲದ, ತಲೆ ತಿರುಚುವಂಥ ಓರೆ ಪೆಟ್ಟಿನ ಪರೀಕ್ಷೆ ಇದರಲ್ಲಿದೆ.

ಸನ್ ವೈಸರ್‌ಗೂ ಮಿತಿ ಇದೆ. ಸೂರ್ಯ ನೆತ್ತಿ ಮೇಲಿರುವಾಗ ಚೆನ್ನಾಗಿ ಕೆಲಸ ಮಾಡುತ್ತದೆ. ರಸ್ತೆಯ ತುದಿಯಲ್ಲೇ ಸೂರ್ಯ ಕೂತಾಗ ಅದು ಸೂರ್ಯನ ಜೊತೆ ರಸ್ತೆಯನ್ನೂ ಕಪ್ಪು ಮಾಡುತ್ತದೆ, ಗುಂಡಿ ಕಾಣುವುದಿಲ್ಲ. ಆಗ ಬೇಕಾದ್ದು ಮರೆ. ಬರಿಗಣ್ಣಿಗೆ ಬಿಸಿಲು ಬಿದ್ದರೆ ಕೈ ಅಡ್ಡ ಹಿಡಿಯುತ್ತೇವಲ್ಲ, ಅದೇ ಕೆಲಸ. ನಾನು ಮಾಡುವುದು ಸುಲಭ: ಹೊರಗಿನ ವೈಸರ್‌ನ ಮೇಲಂಚಿಗೆ ಎರಡು ಬೆರಳಗಲದ ಕಪ್ಪು ಟೇಪ್. ನೇರ ನೋಡುವಾಗ ಅದು ಅಡ್ಡ ಬರಬಾರದು, ಗಲ್ಲ ಸ್ವಲ್ಪ ತಗ್ಗಿಸಿದರೆ ಸೂರ್ಯ ಅದರ ಹಿಂದೆ ಹೋಗಬೇಕು. ಬೈಕ್ ಮೇಲೆ ಕೂತೇ ಎತ್ತರ ಗುರುತು ಮಾಡಿಕೊಳ್ಳಿ. ಅಂಟು ಉಳಿಯದ ಟೇಪ್ ಆಗಿರಲಿ. ಅಡ್ವೆಂಚರ್ ಹೆಲ್ಮೆಟ್‌ನ ಪೀಕ್, ಅಂದರೆ ಹಣೆ ಮೇಲೆ ಮುಂದಕ್ಕೆ ಚಾಚಿದ ಅಂಚು ಕೂಡ ಇದೇ ಕೆಲಸ ಮಾಡುತ್ತದೆ, ನಿಧಾನ ದಾರಿಗೆ ಅದು ನನಗೂ ಇಷ್ಟ. ಹೈವೇಯಲ್ಲಿ ಮಾತ್ರ ಗಾಳಿ ಅದನ್ನು ಹಿಡಿದು ಎಳೆಯುತ್ತದೆ, ಸಂಜೆಗೆ ಕುತ್ತಿಗೆ ಮಾತಾಡುತ್ತದೆ. ಅರೈ ಕಂಪನಿಯವರು ಒಳಗೆ ಸನ್ ವೈಸರ್ ಇಡುವುದೇ ಇಲ್ಲ, ಹೊರಗಡೆ ಮೇಲೆ ಕೆಳಗೆ ಆಡುವ ಪ್ರೋ ಶೇಡ್ ಅಂತ ಕೊಡುತ್ತಾರೆ. ಪೂರ್ತಿ ಇಳಿಸದೆ ಮೇಲೇ ಬಿಟ್ಟರೆ ಅದೇ ಪೀಕ್ ಆಗುತ್ತದೆ.

ಇನ್ನೊಂದು, ಜನ ಗಮನಿಸದೇ ಇರುವುದು. ಎದುರು ಬಿಸಿಲಲ್ಲಿ ಏನೂ ಕಾಣದಿರಲು ಎಷ್ಟೋ ಸಲ ಸೂರ್ಯನಿಗಿಂತ ವೈಸರ್ ಕಾರಣ. ಸಣ್ಣ ಸಣ್ಣ ಗೀರು, ಧೂಳು, ಒಣಗಿದ ಹುಳ, ಇವೆಲ್ಲ ಬೆಳಕನ್ನು ಚದುರಿಸಿ ಇಡೀ ವೈಸರ್ ಬೆಳ್ಳಗೆ ಹೊಳೆಯುವಂತೆ ಮಾಡುತ್ತವೆ. ಪೆಟ್ರೋಲ್ ಬಂಕ್‌ನಲ್ಲಿ ನಿಂತಾಗ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುವುದೇ ಹಾಗೆ. ಒದ್ದೆ ಬಟ್ಟೆ ಸ್ವಲ್ಪ ಹೊತ್ತು ಹೊದಿಸಿಟ್ಟು, ಹುಳ ನೆನೆದ ಮೇಲೆ ಒರೆಸಿ. ಗಾಜು ಒರೆಸುವ ಅಮೋನಿಯಾ ಸ್ಪ್ರೇ ವೈಸರ್‌ನ ಪ್ಲಾಸ್ಟಿಕ್ ಆಗಿರುವ ಪಾಲಿಕಾರ್ಬೊನೇಟ್‌ಗೆ ಆಗದು. ಗೀರು ಜಾಸ್ತಿಯಾದರೆ ಹೊಸ ವೈಸರ್ ಹಾಕಿಸಿ, ಹೆಲ್ಮೆಟ್ ಬದಲಾಯಿಸಬೇಕಿಲ್ಲ.

ಬಿಸಿಲಿಗೆ ಕಪ್ಪಾಗುವ ಫೋಟೋಕ್ರೋಮಿಕ್ ಕನ್ನಡಕ ನಂಬಿಕೊಳ್ಳಬೇಡಿ. ಅದು ಯುವಿ ಕಿರಣಕ್ಕೆ ಕಪ್ಪಾಗುತ್ತದೆ, ವೈಸರ್ ಯುವಿಯನ್ನು ಮೊದಲೇ ತಡೆದುಬಿಡುತ್ತದೆ. ಪೋಲರೈಸ್ಡ್ ಆದರೆ ರಸ್ತೆಯ ಹೊಳಪು ಕಡಿಮೆಯಾಗುತ್ತದೆ ನಿಜ, ಜೊತೆಗೆ ವೈಸರ್ ಮೇಲೆ ಕಾಮನಬಿಲ್ಲಿನ ಕಲೆ ಕಾಣಬಹುದು, ಕೆಲವು ಡಿಜಿಟಲ್ ಮೀಟರ್ ಕಪ್ಪಾಗಿ ಕಾಣಬಹುದು, ಒದ್ದೆ ಜಾಗದ ಮಿಣುಗೂ ಮರೆಯಾಗಬಹುದು. ನಂಬರ್ ಹಾಕಿಸಿದ ತಂಪು ಕನ್ನಡಕ ಬೇಕಿದ್ದರೆ ಗಾಜು ಎಷ್ಟು ಕಪ್ಪು ಅಂತ ಹೇಳುವ ಕ್ಯಾಟಗರಿಯಲ್ಲಿ 2 ಅಥವಾ 3 ಸಾಕು. 4 ಓಡಿಸುವುದಕ್ಕೆ ಅಲ್ಲವೇ ಅಲ್ಲ.

ಕೊನೆಗೆ, ನಿಮಗೆ ಕಾಣುವುದರ ಜೊತೆ ನೀವು ಬೇರೆಯವರಿಗೆ ಕಾಣುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಸೂರ್ಯ ಎದುರಿಗಿದ್ದರೆ ಹಿಂದೆ ಬರುವವನ ಕಣ್ಣಿಗೂ ಬಿಸಿಲೇ, ನಿಮ್ಮ ಬ್ರೇಕ್ ಲೈಟ್ ಅವನಿಗೆ ಕಾಣದಿರಬಹುದು. ಬೇಗನೇ ಬ್ರೇಕ್ ಒತ್ತಿ, ನಿಧಾನಕ್ಕೆ ನಿಲ್ಲಿಸಿ. ನಿಮ್ಮ ನೆರಳು ಮುಂದೆ ಉದ್ದಕ್ಕೆ ಬಿದ್ದಿದ್ದರೆ ನಿಮಗೆ ಎಲ್ಲಾ ಚೆನ್ನಾಗಿ ಕಾಣುತ್ತಿರುತ್ತದೆ, ಆದರೆ ಎದುರಿನ ಲಾರಿಯವನು ಸೂರ್ಯನನ್ನೇ ನೋಡುತ್ತಿರುತ್ತಾನೆ. ಹೆಡ್‌ಲೈಟ್ ಹಾಕಿ, ಅವನು ಓವರ್‌ಟೇಕ್‌ಗೆ ಹೊರಬಂದರೆ ತಪ್ಪಿಸಿಕೊಳ್ಳಲು ಎಡಕ್ಕೆ ಜಾಗ ಉಳಿಸಿಕೊಂಡೇ ಓಡಿಸಿ.