ಮಸ್ಟ್ಯಾಂಗ್ ಕೊಳ್ಳುವ ಮುಂಚೆ, ತಮ್ಮಾ

ತಮ್ಮಾ, ನೀನು ಬರೆದದ್ದನ್ನು ಎರಡು ಸಲ ಓದಿದೆ. ದಾವಣಗೆರೆಯಿಂದ ಮಿಶಿಗನ್‌ಗೆ ಬಂದು ನಾಲ್ಕು ತಿಂಗಳಾಯಿತು. ಇಲ್ಲಿನ ಲೈಸೆನ್ಸ್ ಕೈಗೆ ಬಂದಿದೆ. ಕಾಲೇಜಿನಲ್ಲಿದ್ದಾಗ ಹಾಸ್ಟೆಲ್ ಗೋಡೆಗೆ ಅಂಟಿಸಿಕೊಂಡಿದ್ದ ಫೋರ್ಡ್ ಮಸ್ಟ್ಯಾಂಗನ್ನು ಈಗ ಸೆಕೆಂಡ್ ಹ್ಯಾಂಡ್ ಆದರೂ ಕೊಳ್ಳಬೇಕು ಅಂತ ಆಸೆ. ಮೂರು ಕಾರು ನೋಡಿಟ್ಟಿದ್ದೀಯ: 2007ರ ಜಿಟಿ (ಎಂಟು ಸಿಲಿಂಡರಿನ ವಿ8 ಎಂಜಿನ್ ಇರುವ ಮಾಡೆಲ್), 2014ರ ವಿ6 (ಆರು ಸಿಲಿಂಡರ್), 2018ರ ಜಿಟಿ ಆಟೋಮ್ಯಾಟಿಕ್. ಡಿಸೆಂಬರ್‌ನಲ್ಲಿ ಹೆಂಡತಿ, ಹತ್ತು ತಿಂಗಳ ಮಗಳು ಬರುತ್ತಾರೆ. ‘ಅಣ್ಣಾ, ಯಾವ ವರ್ಷದ್ದು ಕೈ ಕೊಡಲ್ಲ? ಯಾವುದು ಸೇಫ್?’ ಅಂತ ಕೇಳಿದ್ದೀಯ. ಅಣ್ಣ ಅಂದಿದ್ದೀಯಲ್ಲ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಿನ್ನ ಆಸೆ ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ನಾನು ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಈ ಕಾರು ತಯಾರಾಗುವ ಫ್ಲ್ಯಾಟ್ ರಾಕ್ ಕಾರ್ಖಾನೆ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಮೆರವಣಿಗೆ ನಡೆಯುತ್ತದೆ. ಆ ವಿ8 ಎಂಜಿನ್ ಸದ್ದು ಎದೆಗೇ ಬಡಿಯುತ್ತದೆ. ನಾನೂ ಒಂದು ಜಿಟಿ ಇಟ್ಟುಕೊಂಡಿದ್ದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಆಮೇಲೆ ಸುಳಿ. ಆಮೇಲೆ ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಬಣ್ಣದ ಮಾತು ಕೊನೆಗೆ. ಇಲ್ಲಿ ಕಾರಿನ ಹಲ್ಲು ಅಂದರೆ ವಿಐಎನ್ ನಂಬರ್. ಒಟ್ಟು 17 ಅಕ್ಷರ, ಅಂಕಿ. ಡ್ರೈವರ್ ಬದಿಯ ಮುಂದಿನ ಗಾಜಿನ ಕೆಳಮೂಲೆಯಲ್ಲಿ ಹೊರಗಿನಿಂದಲೇ ಕಾಣುತ್ತದೆ. ಅದರಲ್ಲಿ 10ನೆಯದು ಮಾಡೆಲ್ ವರ್ಷ ಹೇಳುತ್ತದೆ. 2007ಕ್ಕೆ 7, 2014ಕ್ಕೆ ಇಂಗ್ಲಿಷಿನ ‘ಇ’, 2018ಕ್ಕೆ ‘ಜೆ’. ಮಾರುವವನು 2018 ಅಂದು, ಅಲ್ಲಿ ‘ಎಚ್’ ಇದ್ದರೆ ಅದು 2017ರದ್ದು. ಇದು ಸಣ್ಣ ವಿಷಯ ಅಲ್ಲ. ಆ ಒಂದು ವರ್ಷದಲ್ಲಿ ಎಂಜಿನ್ನೂ ಬದಲಾಯಿತು, ಗೇರ್‌ಬಾಕ್ಸೂ ಬದಲಾಯಿತು.

ಆ ನಂಬರನ್ನು ಎನ್‌ಎಚ್‌ಟಿಎಸ್‌ಎ, ಅಂದರೆ ಇಲ್ಲಿನ ಕೇಂದ್ರ ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆಯ ಸೈಟ್‌ನಲ್ಲಿ ಹಾಕಿದರೆ ಆ ಕಾರಿಗೆ ಬಾಕಿ ಇರುವ ರೀಕಾಲ್‌ಗಳು, ಅಂದರೆ ದೋಷ ಇದೆ ಅಂತ ಕಂಪನಿಯೇ ಕಾರು ವಾಪಸ್ ಕರೆದು ಸರಿಮಾಡಿಕೊಡಬೇಕಾದ ಕೆಲಸಗಳು, ಕಾಣುತ್ತವೆ. ದುಡ್ಡಿಲ್ಲ, ಎರಡು ನಿಮಿಷದ ಕೆಲಸ. ಮೂರೂ ಕಾರುಗಳ ನಂಬರ್ ಇವತ್ತೇ ತರಿಸಿಕೋ. ಕೊಡಲು ಹಿಂದೆ ಮುಂದೆ ನೋಡುವವನ ಹತ್ತಿರ ವ್ಯವಹಾರವೇ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2005ರಿಂದ 2014ರವರೆಗಿನ ಮಸ್ಟ್ಯಾಂಗ್‌ಗಳು ಟಕಾಟಾ ಅನ್ನುವ ಕಂಪನಿ ಮಾಡಿದ ಏರ್‌ಬ್ಯಾಗ್‌ಗಳ ರೀಕಾಲ್‌ನಲ್ಲಿ ಸಿಕ್ಕಿಕೊಂಡಿವೆ. ನಿನ್ನ ಪಟ್ಟಿಯ ಎರಡು ಕಾರು ಆ ವರ್ಷಗಳವೇ. ಆ ಏರ್‌ಬ್ಯಾಗನ್ನು ಉಬ್ಬಿಸಲು ಅಮೋನಿಯಂ ನೈಟ್ರೇಟ್ ಅನ್ನುವ ರಾಸಾಯನಿಕ ಬಳಸಿದ್ದರು. ವರ್ಷಗಟ್ಟಲೆ ಸೆಕೆ, ತೇವ ತಿಂದು ಅದು ಹಾಳಾಗುತ್ತದೆ. ಆಮೇಲೆ ಡಿಕ್ಕಿ ಆದಾಗ ಬೇಕಾದ್ದಕ್ಕಿಂತ ಜೋರಾಗಿ ಸ್ಫೋಟವಾಗಿ, ಅದರ ಲೋಹದ ಡಬ್ಬಿಯೇ ಚೂರಾಗಿ ಮುಖಕ್ಕೆ, ಕತ್ತಿಗೆ ಸಿಡಿಯುತ್ತದೆ. ಬದುಕಬಹುದಾದ ಸಣ್ಣ ಅಪಘಾತದಲ್ಲೂ ಜನ ಸತ್ತಿದ್ದಾರೆ. ಅಮೆರಿಕದಲ್ಲಿ ಬೇರೆ ಬೇರೆ ಕಂಪನಿಗಳ ಕಾರು ಸೇರಿ ಸುಮಾರು 6.7 ಕೋಟಿ ಏರ್‌ಬ್ಯಾಗ್ ಈ ರೀಕಾಲ್‌ಗೆ ಬಂದವು. ಫ್ಲೋರಿಡಾ, ಟೆಕ್ಸಾಸ್ ಕಡೆಯ ಸೆಕೆಯಲ್ಲಿ ಬೆಳೆದ ಕಾರಿಗೆ ಅಪಾಯ ಇನ್ನೂ ಜಾಸ್ತಿ. ಡೀಲರ್ ಹತ್ತಿರ ಬಿಟ್ಟಿಯಾಗಿ ಬದಲಿಸಿಕೊಡುತ್ತಾರೆ. ಬದಲಿಸಿದ ಕಾಗದ ನೋಡುವ ತನಕ ಟೆಸ್ಟ್ ಡ್ರೈವ್‌ಗೂ ಕೂರಬೇಡ.

ಈಗ 2007ರ ಜಿಟಿ. ನೋಡಲು ಇದೇ ನಿನ್ನ ಪೋಸ್ಟರ್‌ನ ಕಾರಿಗೆ ಹತ್ತಿರ, ಬೆಲೆಯೂ ಕಮ್ಮಿ. ಆದರೆ ಇದರ 4.6 ಲೀಟರ್ ವಿ8ನಲ್ಲಿ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿರುವ ಒಂದು ಕಾಟ ಇದೆ. ಸಿಲಿಂಡರಿಗೆ ಮೂರು ವಾಲ್ವ್ ಇರುವ ಎಂಜಿನ್ ಇದು. ಇದರ ಸ್ಪಾರ್ಕ್ ಪ್ಲಗ್ ಮಾಮೂಲಿ ಪ್ಲಗ್ ಥರ ಒಂದೇ ತುಂಡಲ್ಲ. ಎರಡು ತುಂಡು ಸೇರಿಸಿ ಒತ್ತಿ ಮಾಡಿದ್ದು, ತುದಿ ಉದ್ದ. ಒಂದು ಲಕ್ಷ ಮೈಲಿ ಬರುತ್ತದೆ ಅಂತ ಜನ ಮುಟ್ಟದೆ ಬಿಡುತ್ತಾರೆ. ಅಷ್ಟರಲ್ಲಿ ಆ ಉದ್ದನೆಯ ತುದಿಯ ಸುತ್ತ ಮಸಿ ಕಟ್ಟಿ, ಅಲ್ಯೂಮಿನಿಯಂ ಹೆಡ್‌ಗೆ ಕಚ್ಚಿಕೊಂಡಿರುತ್ತದೆ. ಬಿಚ್ಚಲು ಹೋದಾಗ ಮೇಲಿನ ಅರ್ಧ ಮಾತ್ರ ಕೈಗೆ ಬರುತ್ತದೆ. ಕೆಳಗಿನ ಕೊಳವೆ ಎಂಜಿನ್ ಒಳಗೇ ಉಳಿಯುತ್ತದೆ. ಇದನ್ನು ಹೊರಗೆಳೆಯಲೆಂದೇ ಬೇರೆ ಟೂಲ್ ಮಾಡಿ ಮಾರುತ್ತಾರೆ ಅಂದರೆ ಎಷ್ಟು ಜನರಿಗೆ ಹೀಗಾಗಿದೆ ಅಂತ ಯೋಚಿಸು. ಬಿಚ್ಚುವ ಕ್ರಮವೇ ಬೇರೆ. ಮೊದಲು ಕಾಲು ಸುತ್ತಿನಷ್ಟು ಸಡಿಲಿಸಿ, ಒಳಗೆ ಕಾರ್ಬ್ಯುರೇಟರ್ ಕ್ಲೀನರ್ ಬಿಟ್ಟು, ಗಂಟೆಗಟ್ಟಲೆ ನೆನೆಯಲು ಬಿಟ್ಟು, ಆಮೇಲೆ ಸ್ವಲ್ಪ ಹಿಂದೆ ಸ್ವಲ್ಪ ಮುಂದೆ ತಿರುಗಿಸುತ್ತಾ ಬಿಡಿಸಬೇಕು. ಹೀಗೆ ಎಂಟು ಪ್ಲಗ್. ಮಾರುವವನನ್ನು ಒಂದೇ ಪ್ರಶ್ನೆ ಕೇಳು: ಪ್ಲಗ್ ಯಾವಾಗ ಬದಲಿಸಿದ್ದು, ಬಿಲ್ ಇದೆಯಾ? ಬಿಲ್ ಇಲ್ಲದಿದ್ದರೆ ಆ ಕೆಲಸ ನಿನ್ನ ತಲೆಗೇ ಬಂತು ಅಂತ ಲೆಕ್ಕ ಹಾಕು.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಕಾರು ಜಾರಿ ತಿರುಗಲು ಶುರುವಾದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ನೇರ ಮಾಡುವ ಸ್ಟೆಬಿಲಿಟಿ ಕಂಟ್ರೋಲ್ ಮಸ್ಟ್ಯಾಂಗ್‌ಗೆ ಎಲ್ಲ ಮಾಡೆಲ್‌ಗಳಲ್ಲೂ ಬಂದದ್ದು 2010ರಿಂದ. 2007ರದ್ದರಲ್ಲಿ ಅದಿಲ್ಲ. 300 ಎಚ್‌ಪಿ, ಹಿಂದಿನ ಚಕ್ರದ ಎಳೆತ, ಮಿಶಿಗನ್‌ನ ಹಿಮ.

ಇದನ್ನು ನಾನು ಓದಿ ಕಲಿತದ್ದಲ್ಲ. ನನ್ನ ಜಿಟಿಯೂ ಆ ಕಾಲದ್ದೇ. ಮೊದಲಿನ ಮಾಲೀಕ ಬೇಸಿಗೆ ಟೈರ್ ಹಾಕಿಸಿದ್ದ. ಚಳಿಗಾಲಕ್ಕೆ ಬದಲಿಸಬೇಕು ಅಂತ ಗೊತ್ತಿತ್ತು. ‘ಇನ್ನೂ ಹಿಮ ಬಿದ್ದಿಲ್ಲವಲ್ಲ’ ಅಂತ ಮುಂದೂಡಿದೆ. ನವೆಂಬರ್ ಸಂಜೆ, ರಸ್ತೆ ಸುಮ್ನೆ ಒದ್ದೆ, ಅಷ್ಟೇ. ಹೈವೇಗೆ ಹತ್ತುವ ತಿರುವಿನಲ್ಲಿ ಎರಡನೇ ಗೇರ್‌ನಲ್ಲಿ ಸ್ವಲ್ಪ ಜಾಸ್ತಿ ಒತ್ತಿದೆ. ಹಿಂಭಾಗ ಬಲಕ್ಕೆ ಸರಿಯಿತು. ಸ್ಟೀರಿಂಗ್ ತಿರುಗಿಸುವಷ್ಟರಲ್ಲಿ ಕಾರೇ ತಿರುಗಿಬಿಟ್ಟಿತ್ತು. ಹಿಂದಿನಿಂದ ಬರುವ ಗಾಡಿಗಳ ಹೆಡ್‌ಲೈಟು ನನ್ನ ಕಣ್ಣಿಗೆ ನೇರವಾಗಿ ಬೀಳುತ್ತಿತ್ತು. ಹುಲ್ಲಿನ ಮೇಲೆ ನಿಂತಿತು, ಯಾರಿಗೂ ತಾಗಲಿಲ್ಲ. ಪಕ್ಕದಲ್ಲಿ ನನ್ನ ಹೆಂಡತಿ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಮನೆ ಸೇರುವವರೆಗೂ ಒಂದು ಮಾತು ಆಡಲಿಲ್ಲ. ತಪ್ಪು ಪೂರ್ತಿ ನನ್ನದೇ. ಬೇಸಿಗೆ ಟೈರಿನ ರಬ್ಬರ್ ಸುಮಾರು 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಹಿಮವೇ ಬೀಳಬೇಕು ಅಂತಿಲ್ಲ. ನೀನು ಯಾವ ಮಸ್ಟ್ಯಾಂಗ್ ತಗೊಂಡರೂ ನಾಲ್ಕು ಚಳಿಗಾಲದ ಟೈರಿನ ದುಡ್ಡನ್ನು ಕಾರಿನ ಬೆಲೆಗೇ ಸೇರಿಸಿಬಿಡು.

2018ರ ಜಿಟಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 460 ಎಚ್‌ಪಿ, 10 ಗೇರಿನ ಆಟೋಮ್ಯಾಟಿಕ್. ಆ ಗೇರ್‌ಬಾಕ್ಸ್ ಗೇರ್ ಬದಲಿಸುವಾಗ ಜಗ್ಗುತ್ತದೆ, ಒದೆಯುತ್ತದೆ ಅಂತ ದೂರುಗಳು ಬಂದು ಕೋರ್ಟ್‌ವರೆಗೆ ಹೋಗಿವೆ. ಅದೇ ವರ್ಷ, ಗೇರ್ ಕೇಬಲ್ ಕ್ಲಿಪ್ ಸರಿಯಾಗಿ ಕೂತಿಲ್ಲದೆ, ಲಿವರ್ ಒಂದು ಗೇರ್ ತೋರಿಸಿ ಕಾರು ಇನ್ನೊಂದರಲ್ಲಿ ಇರಬಹುದು ಅಂತ ರೀಕಾಲ್ ಆಯಿತು. ಪಾರ್ಕ್‌ನಲ್ಲಿ ಇದೆ ಅಂದುಕೊಂಡ ಕಾರು ಉರುಳಬಹುದು. ಅದು ರಿಪೇರಿ ಆಗಿದೆಯಾ ಅಂತ ವಿಐಎನ್‌ನಲ್ಲಿ ತಿಳಿಯುತ್ತದೆ. ಕಾರು ಚೆನ್ನಾಗಿದೆ, ಸುಳ್ಳು ಹೇಳಲಾರೆ. ಆದರೆ ಇಲ್ಲಿ ನಿನಗೆ ಗಾಡಿ ಓಡಿಸಿದ ಹಿಸ್ಟರಿಯೇ ಇಲ್ಲ. ಅದಿಲ್ಲದವನಿಗೆ ಇಂಥ ಕಾರಿನ ಇನ್ಶೂರೆನ್ಸ್ ಎಷ್ಟು ಅಂತ ಮೊದಲು ವಿಐಎನ್ ಕೊಟ್ಟು ಕೇಳಿ ನೋಡು. ಆ ಅಂಕಿ ನೋಡಿದ ಮೇಲೆ ನೀನೇ ಪಟ್ಟಿಯಿಂದ ತೆಗೆಯುತ್ತೀಯ.

ಉಳಿದದ್ದು 2014ರ ವಿ6. ಹುಡುಗರು ಮೂಗು ಮುರಿಯುತ್ತಾರೆ, ವಿ8 ಅಲ್ಲವಲ್ಲ ಅಂತ. ನೀನು ಕಿವಿಗೆ ಹಾಕಿಕೊಳ್ಳಬೇಡ. 3.7 ಲೀಟರ್, 305 ಎಚ್‌ಪಿ. 2007ರ ವಿ8ಗಿಂತ ಜಾಸ್ತಿಯೇ ಆಯಿತು, ಅಲ್ವಾ? ಈ ಎಂಜಿನ್ ಕುಟುಂಬವನ್ನು ಫೋರ್ಡ್ ಅಡ್ಡಲಾಗಿ ಕೂರಿಸಿದ ಬೇರೆ ಕಾರುಗಳಲ್ಲಿ ವಾಟರ್ ಪಂಪ್ ಎಂಜಿನ್ ಒಳಗೆ, ಟೈಮಿಂಗ್ ಚೈನ್ ಹತ್ತಿರ ಇರುತ್ತದೆ. ಅದು ಸೋರಿದರೆ ನೀರು ಆಯಿಲ್‌ಗೆ ಸೇರಿ ಎಂಜಿನ್ನೇ ಹೋಗುತ್ತದೆ. ಮಸ್ಟ್ಯಾಂಗ್‌ನಲ್ಲಿ ಎಂಜಿನ್ ಉದ್ದಕ್ಕೆ ಕೂತಿದೆ, ಪಂಪು ಹೊರಗಿದೆ. ಕೆಟ್ಟರೆ ಬಿಚ್ಚಿ ಹಾಕಬಹುದು. ಸ್ಟೆಬಿಲಿಟಿ ಕಂಟ್ರೋಲ್ ಇದೆ. 6 ಗೇರಿನ ಆಟೋಮ್ಯಾಟಿಕ್ ಆದರೆ ನೆಮ್ಮದಿ. ಮ್ಯಾನ್ಯುಯಲ್ ಆದರೆ ಎಚ್ಚರ. 2011ರಲ್ಲಿ ಬಂದ ಆ 6 ಗೇರಿನ ಮ್ಯಾನ್ಯುಯಲ್ ಬಗ್ಗೆ ದೂರು ಬಂದು ಸರ್ಕಾರ ವಿಚಾರಿಸಿತ್ತು. ಸುರಕ್ಷತೆಯ ದೋಷ ಅಂತ ತೀರ್ಮಾನಿಸಲಿಲ್ಲ. ಆದರೂ ಚಳಿಯಲ್ಲಿ ಎರಡನೇ ಗೇರ್ ಬೀಳಲು ಹಟ ಮಾಡುವ ಕಾರುಗಳು ಇವೆ. ಅದು ಗೊತ್ತಾಗುವುದು ಎಂಜಿನ್ ತಣ್ಣಗಿದ್ದಾಗ ಮಾತ್ರ.

ಬಾನೆಟ್ ತುದಿಯನ್ನು ಬೆರಳಲ್ಲಿ ಸವರಿ ನೋಡು. 2005ರಿಂದ 2014ರ ಕಾರುಗಳಲ್ಲಿ ಬಾನೆಟ್ ಅಲ್ಯೂಮಿನಿಯಂ. ಮುಂದಿನ ಅಂಚಿನಲ್ಲಿ ಬಣ್ಣದ ಕೆಳಗೆ ಬೆವರುಸಾಲೆ ಥರ ಗುಳ್ಳೆ ಏಳುತ್ತವೆ. ಹೊಸ ಬಣ್ಣ ಬಳಿದರೂ ಕೆಲವು ವರ್ಷಕ್ಕೆ ಮತ್ತೆ ಬರುತ್ತವೆ. ಓಡಿಸಲು ತೊಂದರೆ ಇಲ್ಲ, ಬೆಲೆ ಇಳಿಸಲು ಒಳ್ಳೆ ಕಾರಣ. ಕಾರಿನ ಕೆಳಗೆ ಮಾತ್ರ ಟಾರ್ಚ್ ಹಾಕಿ ಸರಿಯಾಗಿ ನೋಡು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಬ್ರೇಕ್ ಪೈಪ್ ತುಕ್ಕು ಹಿಡಿದಿದ್ದರೆ ಬಿಟ್ಟು ಬಾ. ಮಿಶಿಗನ್‌ನಲ್ಲಿ ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಅನ್ನುವ ಕಾನೂನಿಲ್ಲ. ಆ ಕಾರನ್ನು ಯಾರೂ ಪರೀಕ್ಷಿಸಿರಲಿಕ್ಕಿಲ್ಲ. ಮಾರುವವನಿಗೆ ಸಂಬಂಧ ಇಲ್ಲದ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತೋರಿಸು. ಟೈಟಲ್‌ನಲ್ಲಿ, ಅಂದರೆ ಕಾರಿನ ಮಾಲೀಕತ್ವದ ಪತ್ರದಲ್ಲಿ, ಸಾಲ್ವೇಜ್ (ಜಖಂ ಆಗಿ ಗುಜರಿಗೆ ಹೋದದ್ದು), ರೀಬಿಲ್ಟ್ (ಅದನ್ನು ಮತ್ತೆ ಸರಿಮಾಡಿದ್ದು) ಅಂತ ಇದ್ದರೆ ಬೇಡ. ಸೈಲೆನ್ಸರ್ ಬದಲಿಸಿದ, ಕಂಪ್ಯೂಟರ್ ಟ್ಯೂನ್ ಮಾಡಿಸಿದ ಕಾರೂ ಬೇಡ.

ಮಸ್ಟ್ಯಾಂಗ್‌ಗೆ ಪೈಪೋಟಿಯ ಷೆವ್ರೊಲೆ ಕಮಾರೋ ತಗೋ ಅಂತ ನಿನ್ನ ರೂಮ್‌ಮೇಟ್ ಹೇಳಿದನಂತೆ. 2010ರಿಂದ 2014ರ ಕಮಾರೋಗಳಲ್ಲಿ ಡ್ರೈವರ್‌ನ ಮೊಣಕಾಲು ಕೀಗೆ ತಾಗಿ ಓಡುವ ಕಾರು ಆಫ್ ಆಗುವ ಸಂಭವ ಇತ್ತು. 2014ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಕಾರು ಅದಕ್ಕಾಗಿ ರೀಕಾಲ್ ಆದವು. ಅಲ್ಲೂ ಮೊದಲು ನೋಡಬೇಕಾದ್ದು ವಿಐಎನ್ನೇ.

ಕೊನೆಗೆ ಮಗು ವಿಷಯ. ನಾನು ಬರೆಯಲು ಕೂತದ್ದೇ ಇದಕ್ಕೆ. 2015ರಲ್ಲಿ ಬಂದ ಹೊಸ ತಲೆಮಾರಿನ ಮಸ್ಟ್ಯಾಂಗ್‌ಗೆ ಇಲ್ಲಿನ ಸರ್ಕಾರ 5 ಸ್ಟಾರ್ ಕೊಟ್ಟಿತು. 2017ರಲ್ಲಿ ಯೂರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಯೂರೋ ಎನ್‌ಕ್ಯಾಪ್ ಸಂಸ್ಥೆ ಅದೇ ತಲೆಮಾರಿನ ಕಾರಿಗೆ ಕೊಟ್ಟದ್ದು 2 ಸ್ಟಾರ್. ಮಕ್ಕಳ ರಕ್ಷಣೆಗೆ ಶೇಕಡಾ 32. ಇಷ್ಟು ವ್ಯತ್ಯಾಸ ಹೇಗೆ? ಇಲ್ಲಿನ ಮುಂಭಾಗದ ಡಿಕ್ಕಿ ಪರೀಕ್ಷೆಯಲ್ಲಿ ಮುಂದಿನ ಎರಡು ಸೀಟಿನಲ್ಲಿ ಮಾತ್ರ ಗೊಂಬೆ ಕೂರಿಸುತ್ತಾರೆ. ಯೂರೋಪಿನವರು ಹಿಂದೆಯೂ ಕೂರಿಸಿದರು. ಹಿಂದಿನ ಸೀಟ್ ಬೆಲ್ಟು ಬಿಗಿಯದೆ ಗೊಂಬೆ ಬೆಲ್ಟಿನ ಕೆಳಗೆ ಜಾರಿಬಿಡಬಹುದು ಅಂತ ಕಂಡಿತು. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಇಲ್ಲದ್ದಕ್ಕೂ ಅಂಕ ಹೋಯಿತು. ಅದೇ ವರ್ಷ ಸುಧಾರಿಸಿದ ಮೇಲೆ 3 ಸ್ಟಾರ್ ಸಿಕ್ಕಿತು. ನಿನ್ನ 2014ರದ್ದು ಅದಕ್ಕೂ ಹಿಂದಿನ ತಲೆಮಾರು.

ಹತ್ತು ತಿಂಗಳ ಮಗುವಿನ ಸೀಟನ್ನು ಹಿಂದಕ್ಕೆ ಮುಖ ಮಾಡಿ ಕಟ್ಟಬೇಕು. ಎರಡು ಬಾಗಿಲಿನ ಕಾರಿನಲ್ಲಿ ಮುಂದಿನ ಸೀಟು ಮಡಚಿ, ಸೊಂಟ ಬಗ್ಗಿಸಿ, ಮಗುವನ್ನು ಎತ್ತಿ ತಿರುಗಿಸಿ ಒಳಗೆ ಕೂರಿಸಬೇಕು. ಜನವರಿ ಚಳಿಯಲ್ಲಿ, ದಪ್ಪ ಜಾಕೆಟ್ ಹಾಕಿಕೊಂಡು, ಮಂಜುಗಡ್ಡೆ ಮೇಲೆ ನಿಂತು ಅದನ್ನು ಮಾಡುವುದು ಹೊಸದಾಗಿ ಬಂದ ನಿನ್ನ ಹೆಂಡತಿ.

ಅದಕ್ಕೇ ನನ್ನ ಮಾತು ಇಷ್ಟು. ಮೂರರಲ್ಲಿ ಒಂದು ಅಂದರೆ 2014ರದ್ದು. ಮನೆಗೆ ಒಂದೇ ಕಾರು ಅಂದರೆ ಮೂರೂ ಬೇಡ. ಈಗ ನಾಲ್ಕು ಬಾಗಿಲಿನ ಸಾದಾ ಕಾರು ತಗೋ. ಆರು ತಿಂಗಳಲ್ಲಿ ನಿನ್ನ ಇನ್ಶೂರೆನ್ಸ್ ಹಿಸ್ಟರಿಯೂ ಬೆಳೆಯುತ್ತದೆ, ಹಿಮದಲ್ಲಿ ಓಡಿಸುವ ಕೈಯೂ ಬರುತ್ತದೆ. ಚಳಿಗಾಲದ ಕೊನೆಗೆ, ಬಿಸಿಲು ಬರುವ ಮುಂಚೆ, ಇಂಥ ಕಾರುಗಳು ಕಮ್ಮಿ ಬೆಲೆಗೂ ಸಿಗುತ್ತವೆ.

ಆದರೂ ಆ 2014ರದ್ದನ್ನು ಕಣ್ಣಾರೆ ನೋಡಬೇಕು ಅನಿಸಿದರೆ ಶನಿವಾರ ಬೆಳಿಗ್ಗೆ ನನಗೆ ಬಿಡುವಿದೆ, ಜೊತೆಗೆ ಬರುತ್ತೇನೆ. ನಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹಿಂದಿನ ದಿನವೇ ಹೇಳಿಡು. ನಮ್ಮ ಬೇಸ್‌ಮೆಂಟ್‌ನಲ್ಲಿ ಮಗನ ಹಳೇ ಕಾರ್ ಸೀಟ್ ಇದೆ. ಅದರ ಅವಧಿ ಮುಗಿದಿದೆ, ಮಗು ಕೂರಿಸಲು ಆಗದು. ಅಳತೆಗೆ ಸಾಕು. ಹಿಂದೆ ಇಟ್ಟು ಕಟ್ಟಿ ನೋಡೋಣ, ಆಮೇಲೆ ಮುಂದಿನ ಸೀಟಿನಲ್ಲಿ ನೀನು ಕೂತು ನೋಡು.