ಬಚ್ಚಲುಮನೆಯಲ್ಲಿ ಅಪ್ಪನ ರೇಜರ್

ಹದಿವಯಸ್ಸಿನ ಹುಡುಗಿಯರ ಮೈಮೇಲಿನ ಕೂದಲಿನ ಬಗ್ಗೆ ಈ ಸಲ ಮೂರು ಪತ್ರಗಳು ಬಂದಿವೆ. ಚರ್ಮದ ಡಾಕ್ಟರಾಗಿ ನಾನು ದಿನಾ ಕೇಳುವ ಮಾತುಗಳೇ ಇವು. ಆದ್ದರಿಂದ ಮೂರಕ್ಕೂ ಒಟ್ಟಿಗೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ, ಎಂಟನೇ ತರಗತಿ. ಹೋದ ತಿಂಗಳು ಸ್ನಾನ ಮುಗಿಸಿ ಬಂದಾಗ ಕಾಲಲ್ಲಿ ರಕ್ತ ಇಳೀತಿತ್ತು. ಅವರಪ್ಪನ ರೇಜರ್ ತಗೊಂಡು, ಸೋಪು ಕೂಡ ಹಚ್ಚದೆ, ಮೊಣಕಾಲಿನ ತನಕ ಕೆರೆದುಕೊಂಡಿದ್ದಳು. ಸಿಟ್ಟಲ್ಲಿ ಬೈದೆ. ಆಮೇಲೆ ಅಳ್ತಾ ಹೇಳಿದಳು, ಕ್ಲಾಸಲ್ಲಿ ಒಬ್ಬ ಹುಡುಗ ‘ಕರಡಿ’ ಅಂತಾನಂತೆ. ಪಕ್ಕದ ಹುಡುಗಿಯರೂ ನಗ್ತಾರಂತೆ. ಈಗ ವ್ಯಾಕ್ಸಿಂಗ್ ಮಾಡಿಸು ಅಂತ ದಿನಾ ಹಟ. ನಮ್ಮತ್ತೆ, ‘ಒಂದ್ಸಲ ಬ್ಲೇಡು ತಾಗಿದ್ರೆ ಗಂಡಸರ ಥರ ದಪ್ಪಗೆ ಬರುತ್ತೆ’ ಅಂತ ಹೆದರಿಸ್ತಾರೆ. ಏನು ಮಾಡಲಿ ಮೇಡಂ?
— ಒಬ್ಬ ತಾಯಿ, ತಿಪಟೂರು

ಉತ್ತರ: ಬೈದೆ ಅಂತ ಕೊರಗಬೇಡಿ. ಮಗಳ ಕಾಲಲ್ಲಿ ರಕ್ತ ನೋಡಿದರೆ ಯಾವ ತಾಯಿಗೂ ಮೊದಲು ಗಾಬರಿ, ಆಮೇಲೆ ಸಿಟ್ಟು. ಆದರೆ ಒಂದು ಯೋಚಿಸಿ. ಅವಳು ನಿಮ್ಮನ್ನು ಕೇಳಲಿಲ್ಲ, ಬಾಗಿಲು ಹಾಕಿಕೊಂಡಳು. ಕೇಳಿದರೆ ಬೇಡ ಅಂತಾರೆ ಅನ್ನೋದು ಅವಳಿಗೆ ಮೊದಲೇ ಗೊತ್ತಿತ್ತು. ನನ್ನ ಹತ್ತಿರ ಬರುವ ಗಾಯ, ಸುಟ್ಟ ಕಲೆಗಳಲ್ಲಿ ಬಹಳಷ್ಟು ಹೀಗೆ ಬಾಗಿಲು ಹಾಕಿಕೊಂಡು ಮಾಡಿಕೊಂಡವೇ.

ನಿಮ್ಮತ್ತೆಯವರ ಮಾತು ನಮ್ಮಜ್ಜಿಯ ಬಾಯಲ್ಲೂ ಇತ್ತು. ಆದರೆ ಅದು ನಿಜವಲ್ಲ. ಅಮೆರಿಕದಲ್ಲಿ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ತಜ್ಞೆ ಇದನ್ನು 1928ರಲ್ಲೇ ಪರೀಕ್ಷೆ ಮಾಡಿ ನೋಡಿದ್ದರು. ಕೆಲವು ಗಂಡಸರು ಒಂದೇ ಬಗೆಯಲ್ಲಿ ಶೇವ್ ಮಾಡಿಕೊಂಡರು, ಬಿದ್ದ ಕೂದಲನ್ನು ಟ್ರಾಟರ್ ಅಳೆದರು. ಕೂದಲು ದಪ್ಪವೂ ಆಗಿರಲಿಲ್ಲ, ಬೇಗ ಬೆಳೆದೂ ಇರಲಿಲ್ಲ. ಕೂದಲಿನ ಬೇರು ಇರುವುದು ಚರ್ಮದ ಒಳಗೆ. ಬ್ಲೇಡು ಅಲ್ಲಿಗೆ ತಲುಪುವುದೇ ಇಲ್ಲ.

ಮತ್ತೆ ಮುಟ್ಟಿದರೆ ಒರಟು ಅನ್ನಿಸೋದು ಯಾಕೆ? ರಾಗಿ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದಿದ್ದೀರಾ? ಪೈರಿನ ತುದಿ ಮೈಗೆ ಸವರಿಕೊಂಡು ಹೋಗುತ್ತದೆ, ಕೂಳೆ ಚುಚ್ಚುತ್ತದೆ. ಗಿಡ ಅದೇ, ತುದಿ ಮಾತ್ರ ಬೇರೆ. ಕೂದಲೂ ಹಾಗೇ. ತಾನಾಗಿ ಬೆಳೆದ ಕೂದಲಿನ ತುದಿ ಸೂಕ್ಷ್ಮ, ಕತ್ತರಿಸಿದ್ದು ಮೊಂಡು. ಇನ್ನೊಂದು ವಿಷಯ, 13–14ರ ಹುಡುಗಿಯ ಕೂದಲು ಬ್ಲೇಡು ಮುಟ್ಟದೆ ಇದ್ದರೂ ದಪ್ಪ ಆಗುತ್ತಲೇ ಇರುತ್ತದೆ. ಅಪವಾದ ಬ್ಲೇಡಿನ ಮೇಲೆ ಬರುತ್ತದೆ ಅಷ್ಟೇ.

ಹುಡುಗಿ ದೊಡ್ಡವಳಾಗುವ ಹೊತ್ತಿಗೆ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳು ಆಂಡ್ರೋಜನ್ ಎಂಬ ಹಾರ್ಮೋನನ್ನು ಸ್ವಲ್ಪ ಸ್ವಲ್ಪ ಬಿಡುತ್ತವೆ. ಆಗ ಕಂಕುಳಲ್ಲಿ, ಕೆಳಗೆ ಕೂದಲು ಬರುತ್ತದೆ. ಕೈಕಾಲಿನದು ಕಪ್ಪಾಗಿ ಕಾಣುತ್ತದೆ. ಎಷ್ಟು ಬರಬೇಕು ಅನ್ನೋದು ಹೆಚ್ಚಾಗಿ ಮನೆತನದ ಲೆಕ್ಕ. ಅವಳ ಸೋದರತ್ತೆಯ ಕೈ, ನಿಮ್ಮ ಕೈ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಕೈಕಾಲಿನ ಕೂದಲು ಮಾತ್ರ ಇದ್ದರೆ ಅದು ಕಾಯಿಲೆ ಅಲ್ಲ. ಅದಕ್ಕೆ ಯಾವ ಟೆಸ್ಟೂ ಬೇಡ.

ಮಗಳಿಗೆ ಒಂದು ಕಥೆ ಹೇಳಿ. ಕೂದಲು ತೆಗೆಯುವ ರೂಢಿ ಹಲವು ಜನಗಳಲ್ಲಿ ಹಳೆಯದೇ. ಆದರೆ ಹೆಣ್ಣಿನ ಕಾಲು, ಕಂಕುಳು ಸದಾ ನುಣ್ಣಗೆ ಇರಲೇಬೇಕು ಅನ್ನುವ ಈಗಿನ ಹಟಕ್ಕೆ ಅಂಗಡಿಯ ಪಾಲು ದೊಡ್ಡದು. ಅಮೆರಿಕದ ಜಿಲೆಟ್ ಕಂಪನಿ ಹೆಂಗಸರಿಗೆ ಅಂತಲೇ ರೇಜರ್ ತಂದದ್ದು 1915ರಲ್ಲಿ. ಅದೇ ಕಾಲಕ್ಕೆ ತೋಳಿಲ್ಲದ ಉಡುಪು ಬಂತು, ಜಾಹೀರಾತು ಬಂತು. ಎರಡನೇ ಮಹಾಯುದ್ಧದಲ್ಲಿ ನೈಲಾನ್ ಎಲ್ಲ ಪ್ಯಾರಾಚೂಟಿಗೆ ಹೋಯಿತು. ಅಲ್ಲಿನ ಹೆಂಗಸರಿಗೆ ಉದ್ದದ ಕಾಲುಚೀಲ ಸಿಗದೆ, ಕಾಲು ಶೇವ್ ಮಾಡುವುದು ಇನ್ನಷ್ಟು ಹಬ್ಬಿತು. ಯಾರದೋ ವ್ಯಾಪಾರ, ಎಲ್ಲಿಯದೋ ಯುದ್ಧ. ಇವತ್ತು ಅದು ತಿಪಟೂರಿನ ಕ್ಲಾಸ್‌ರೂಮಿನ ತನಕ ಬಂದಿದೆ. 13 ವರ್ಷದ ಹುಡುಗಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಹಾಗಾದರೆ ತೆಗೆಸಬೇಕಾ, ಬೇಡವಾ? ಖಡಾಖಂಡಿತ ಬೇಡ ಅನ್ನಬೇಡಿ. ನೀವಾಗಿ ಪಾರ್ಲರಿಗೆ ಎಳೆದುಕೊಂಡೂ ಹೋಗಬೇಡಿ. ಹೋದ ಏಪ್ರಿಲ್‌ನಲ್ಲಿ ಒಬ್ಬ ಹುಡುಗಿ ಸ್ವೆಟರ್ ಹಾಕಿಕೊಂಡು ನನ್ನ ಕ್ಲಿನಿಕ್ಕಿಗೆ ಬಂದಿದ್ದಳು. ಹೊರಗೆ ರಣಬಿಸಿಲು. ಫ್ಯಾನ್ ಕೆಳಗೆ ಕೂರಿಸಿ, ತೆಗಿಯಮ್ಮ ಅಂದೆ. ತುಂಬಾ ಹೊತ್ತು ತೋಳಿನ ತುದಿ ಹಿಡಿದುಕೊಂಡೇ ಕೂತಿದ್ದಳು. ಕೊನೆಗೆ ತೆಗೆದಾಗ ಮಣಿಕಟ್ಟಿನಿಂದ ಮೊಣಕೈ ತನಕ ಬೆವರುಸಾಲೆ, ಕೆರೆದು ಕೆರೆದು ಕೆಂಪಾಗಿತ್ತು. ಮನೆಯಲ್ಲಿ ಕೂದಲು ತೆಗೆಯೋದಕ್ಕೆ ಬಿಟ್ಟಿರಲಿಲ್ಲ, ಆಕೆಗೆ ಅದನ್ನು ಯಾರಿಗೂ ತೋರಿಸೋಕೆ ಆಗುತ್ತಿರಲಿಲ್ಲ. ಆ ಕೂದಲಿಗಿಂತ ಆ ಸ್ವೆಟರ್ ಕೆಟ್ಟದ್ದು.

ಒಂದು ಸಂಜೆ ಅಡುಗೆಮನೆಯಲ್ಲೋ, ತಲೆ ಬಾಚುವಾಗಲೋ ಮಗಳನ್ನು ಕೇಳಿ: ‘ಆ ಹುಡುಗ ಬೇರೆ ಸ್ಕೂಲಿಗೆ ಹೋದ ಅಂತ ಇಟ್ಕೋ, ಆಗಲೂ ನಿನಗೆ ತೆಗೀಬೇಕು ಅನ್ಸುತ್ತಾ?’ ಕೂಡಲೇ ಉತ್ತರ ಬರಬೇಕಾಗಿಲ್ಲ. ಎರಡು ದಿನ ಬಿಟ್ಟು ಹೇಳಲಿ. ಬೇಡ ಅಂದರೆ ಬೇಡ. ಬೇಕು ಅಂದರೆ ಸರಿಯಾಗಿ ಮಾಡೋದನ್ನ ನೀವೇ ಹೇಳಿಕೊಡಿ. ಮುಂದಿನ ತಿಂಗಳು ಅವಳ ಮನಸ್ಸು ಬದಲಾಯಿತಾ? ಅದಕ್ಕೂ ಸರಿ ಅನ್ನಿ.

ರೇಜರ್ ಅವಳದ್ದೇ ಬೇರೆ ಇರಲಿ. ಒಬ್ಬರದ್ದು ಇನ್ನೊಬ್ಬರು ಬಳಸಬಾರದು, ಹೆಪಟೈಟಿಸ್ ಬಿ ಥರದ ಸೋಂಕು ರಕ್ತದಿಂದ ದಾಟುತ್ತದೆ. ಬಿಸಿನೀರಿನ ಸ್ನಾನದ ಕೊನೆಯಲ್ಲಿ, ಚರ್ಮ ಮೆತ್ತಗಾದಾಗ, ಚೆನ್ನಾಗಿ ನೊರೆ ಹಚ್ಚಿಕೊಂಡು, ಕೂದಲು ಬಾಗಿರುವ ಕಡೆಗೇ ಹಗುರವಾಗಿ ಎಳೆಯಬೇಕು. ಮೊಣಕಾಲಿನ ಮೂಳೆ ಹತ್ತಿರ ನಿಧಾನ. ಕೊನೆಗೆ ಸಾದಾ ಮಾಯಿಶ್ಚರೈಸರ್ ಸಾಕು. ಬ್ಲೇಡು ಮೊಂಡಾದ ಕೂಡಲೇ ಬದಲಿಸಿ.

ವ್ಯಾಕ್ಸಿಂಗ್ ಮೂರರಿಂದ ಆರು ವಾರ ತಡೆಯುತ್ತದೆ, ಆದರೆ ನೋವು ಜಾಸ್ತಿ. ವ್ಯಾಕ್ಸ್ ತುಂಬಾ ಬಿಸಿ ಇದ್ದರೆ ಚರ್ಮ ಸುಡುತ್ತದೆ. ಕೂದಲು ಒಳಗೇ ಸುರುಳಿ ಸುತ್ತಿ ಗುಳ್ಳೆ ಏಳಬಹುದು, ನಮ್ಮ ಕಂದು ಮೈಬಣ್ಣದಲ್ಲಿ ಆ ಗುಳ್ಳೆ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೊಡವೆಗೆ ಅಡಾಪಲಿನ್, ಟ್ರೆಟಿನೊಯಿನ್ ಕ್ರೀಮ್ ಹಚ್ಚುತ್ತಿದ್ದರೆ ಆ ಜಾಗಕ್ಕೆ ವ್ಯಾಕ್ಸ್ ಬೇಡ, ಸಿಪ್ಪೆಯ ಹಾಗೆ ಚರ್ಮವೇ ಎದ್ದು ಬರಬಹುದು. ಐಸೊಟ್ರೆಟಿನೊಯಿನ್ ಮಾತ್ರೆ ತಗೊಳ್ಳುತ್ತಿದ್ದರಂತೂ ಮೈಯ ಎಲ್ಲಿಗೂ ಬೇಡ.

ಹೇರ್ ರಿಮೂವಲ್ ಕ್ರೀಮಿನ ಆ ಕೆಟ್ಟ ವಾಸನೆ ಥಯೋಗ್ಲೈಕೋಲೇಟ್ ಅನ್ನುವ ರಾಸಾಯನಿಕದ್ದು. ಅದು ಕೂದಲಿನ ಕೆರಾಟಿನ್ ಎಂಬ ಪ್ರೋಟೀನನ್ನು ಕರಗಿಸುತ್ತದೆ. ಚರ್ಮದ ಮೇಲ್ಪದರವೂ ಅದೇ ಕೆರಾಟಿನ್. ಹಾಗಾಗಿ ಮೊದಲು ಕಾಸಗಲ ಜಾಗದಲ್ಲಿ ಹಚ್ಚಿ, 24 ಗಂಟೆ ಕಾದು ನೋಡಬೇಕು. ಇನ್ನೂ ಐದು ನಿಮಿಷ ಇರಲಿ ಅಂತ ಬಿಡಬಾರದು. ಗುಪ್ತಾಂಗದ ಹತ್ತಿರ ಇದನ್ನು ತರಲೇಬಾರದು. ಅಲ್ಲಿನ ಕೂದಲು ಕೊಳೆ ಅಲ್ಲ, ಆ ಮೆತ್ತನೆ ಚರ್ಮಕ್ಕೆ ರಕ್ಷಣೆ. ತೀರಾ ಉದ್ದ ಅನ್ನಿಸಿದರೆ ಸಣ್ಣ ಕತ್ತರಿಯಲ್ಲಿ ಗಿಡ್ಡ ಮಾಡಿಕೊಳ್ಳಲಿ, ಸಾಕು.

ಅರಿಶಿನ, ಕಡಲೆಹಿಟ್ಟು ಉಜ್ಜಿದರೆ ಕೂದಲು ಉದುರಿ ಹೋಗುತ್ತದೆ ಅಂತಾರೆ. ಬೇರಿನ ತನಕ ಅದರ ಕೆಲಸ ಇಲ್ಲ. ಹಬ್ಬದ ದಿನ ಹಚ್ಚಿಕೊಂಡು ಸ್ನಾನ ಮಾಡಲಿ, ಚೆಂದ. ದಿನಾ ಗಸಗಸ ಉಜ್ಜಿದರೆ ಚರ್ಮ ಕಪ್ಪಾಗುತ್ತದೆ.

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ, 17 ವರ್ಷ. ತುಟಿ ಮೇಲೆ, ಗದ್ದದ ಕೆಳಗೆ ಗಟ್ಟಿ ಕೂದಲು ಬರ್ತಿವೆ. ಮುಟ್ಟು ಎರಡು ತಿಂಗಳಿಗೆ, ಕೆಲವು ಸಲ ಮೂರು ತಿಂಗಳಿಗೆ. ಮೊದಲು ಆಗಿದ್ದು ಏಳನೇ ತರಗತಿಯಲ್ಲಿ. ಬೆಳ್ಳಗಾಗಲಿ ಅಂತ ಮೆಡಿಕಲ್ ಶಾಪಿಂದ ಒಂದು ಟ್ಯೂಬ್ ತಂದು ವರ್ಷದಿಂದ ಮುಖಕ್ಕೆ ಹಚ್ತಿದೀನಿ. ಪಾರ್ಲರಲ್ಲಿ ಲೇಸರ್ ಮಾಡಿಸಿಬಿಡು ಅಂತಾರೆ. ಫೋಟೋದಲ್ಲಿ ಬಾಯಿಗೆ ಕೈ ಅಡ್ಡ ಇಟ್ಕೋತೀನಿ.
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನೀನು ಅಂತಲೇ ಕರೀತೀನಿ, ಬೇಜಾರಿಲ್ಲ ತಾನೆ? ಲೇಸರ್ ಮಾತು ಆಮೇಲೆ. ಮೊದಲು ಆ ಟ್ಯೂಬ್ ತಿರುಗಿಸಿ ಹೆಸರು ಓದು. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಮೊಡವೆ ಏಳುತ್ತದೆ, ಜೊತೆಗೆ ಕೂದಲನ್ನೂ ಬೆಳೆಸುತ್ತದೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅಂತ 2018ರಲ್ಲಿ ಇಂಥ ಹಲವು ಕ್ರೀಮ್‌ಗಳನ್ನು ಕೇಂದ್ರ ಸರ್ಕಾರ ನಿಯಮದೊಳಗೆ ತಂದಿದೆ. ಆದರೂ ಕೇಳಿದರೆ ಕೊಡುತ್ತಾರೆ, ನನಗೆ ಇದು ಸಿಟ್ಟು ಬರುವ ವಿಷಯ. ಟ್ಯೂಬ್ ಕೈಯಲ್ಲೇ ಹಿಡಿದು ಚರ್ಮದ ಡಾಕ್ಟರ್ ಹತ್ತಿರ ಹೋಗು. ನಿಲ್ಲಿಸಿದ ಮೇಲೆ ಕೆಲವು ದಿನ ಮುಖ ಕೆಂಪಾಗಿ ಉರಿಯಬಹುದು. ಹೆದರಿ ಮತ್ತೆ ಹಚ್ಚಬೇಡ, ಆ ಉರಿಗೆ ಬೇರೆ ಔಷಧಿ ಇದೆ. ಕ್ರೀಮಿನಿಂದ ಬಂದ ಕೂದಲು ಕೆಲವು ತಿಂಗಳಲ್ಲಿ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಎರಡನೆಯದು ನಿನ್ನ ಮುಟ್ಟು. ಮೊದಲ ಒಂದೆರಡು ವರ್ಷ ಹೆಚ್ಚುಕಮ್ಮಿ ಆಗೋದು ಸಹಜ. ಮೂರು ವರ್ಷ ದಾಟಿದ ಮೇಲೆ 21ರಿಂದ 35 ದಿನದೊಳಗೆ ಬರಬೇಕು. ನಿನಗೆ ಹಾಗಾಗುತ್ತಿಲ್ಲ, ಜೊತೆಗೆ ಗದ್ದದ ಮೇಲೆ ಗಟ್ಟಿ ಕೂದಲು. ಆದ್ದರಿಂದ ಪಿಸಿಓಎಸ್, ಅಂದರೆ ಅಂಡಾಶಯ ಮತ್ತು ಹಾರ್ಮೋನಿನ ಏರುಪೇರು, ಇದೆಯಾ ಅಂತ ನೋಡಬೇಕು. ಇದು ತುಂಬಾ ಹುಡುಗಿಯರಿಗೆ ಇರುವಂಥದ್ದು, ಹಿಡಿತಕ್ಕೆ ತರಬಹುದು. ಟೆಸ್ಟೋಸ್ಟೆರೋನ್, ಥೈರಾಯ್ಡ್, ಸಕ್ಕರೆ ಹೀಗೆ ಕೆಲವು ರಕ್ತಪರೀಕ್ಷೆ ಬರೆಯುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ‘ನೀರುಗುಳ್ಳೆ’ ಅಂತ ಬಂದ ಮಾತ್ರಕ್ಕೆ ಗಾಬರಿ ಬೇಡ. ಮೊದಲ ಮುಟ್ಟಾಗಿ ಎಂಟು ವರ್ಷದ ತನಕ ಆ ಸ್ಕ್ಯಾನ್ ನೋಡಿ ಪಿಸಿಓಎಸ್ ಅಂತ ತೀರ್ಮಾನಿಸಬಾರದು, ಈ ವಯಸ್ಸಿನ ಆರೋಗ್ಯವಂತ ಅಂಡಾಶಯವೂ ಹಾಗೇ ಕಾಣಬಹುದು. ಕುತ್ತಿಗೆ ಹಿಂದೆ ಕಪ್ಪಾಗಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸು. ದನಿ ಗಡಸಾಗಿದ್ದರೆ, ಕೂದಲು ಕೆಲವೇ ತಿಂಗಳಲ್ಲಿ ದಿಢೀರ್ ಬಂದಿದ್ದರೆ ತಡ ಮಾಡಲೇಬೇಡ.

ಇದಕ್ಕೆ ಡಾಕ್ಟರ್ ಕೊಟ್ಟ ಮಾತ್ರೆ ಶುರು ಮಾಡಿದರೂ ಕೂದಲಿನಲ್ಲಿ ವ್ಯತ್ಯಾಸ ಕಾಣಲು ಆರು ತಿಂಗಳಾದರೂ ಬೇಕು. ಒಂದು ತಿಂಗಳಿಗೇ ಬಿಟ್ಟುಬಿಡುವವರು ಜಾಸ್ತಿ. ಅಲ್ಲಿಯ ತನಕ ಥ್ರೆಡ್ಡಿಂಗ್ ಮಾಡಿಸಿಕೊಂಡರೆ ತಪ್ಪೇನಿಲ್ಲ, ಹೊಸ ದಾರ ಇರಲಿ.

ಲೇಸರ್‌ಗೆ ಈಗ ಆತುರ ಬೇಡ. ಹಾರ್ಮೋನ್ ಹತೋಟಿಗೆ ಬರದೆ ಮಾಡಿಸಿದರೆ ದುಡ್ಡು ಹೋಗುತ್ತದೆ, ಕೂದಲು ಮತ್ತೆ ಬರುತ್ತದೆ. ನಮ್ಮಂಥ ಮೈಬಣ್ಣದವರ ಗದ್ದ, ಕೆನ್ನೆಯ ಮೇಲೆ ಲೇಸರ್ ಆದಮೇಲೆ ಕೂದಲು ಹೆಚ್ಚಾಗಿರುವುದೂ ಉಂಟು. ಪಾರ್ಲರಿನವರು ಇದನ್ನು ಹೇಳುವುದಿಲ್ಲ. ಮುಂದೆ ಮಾಡಿಸುವುದಾದರೆ ಚರ್ಮದ ಡಾಕ್ಟರ್ ಹತ್ತಿರವೇ ಮಾಡಿಸು. ಆರೆಂಟು ಸಲ ಹೋಗಬೇಕಾಗುತ್ತದೆ.

ಬಾಯಿಗೆ ಕೈ ಅಡ್ಡ ಇಡುವ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನ ಎದುರಿನ ಕುರ್ಚಿಯಲ್ಲಿ ಎಷ್ಟೋ ಹುಡುಗಿಯರು ದುಪಟ್ಟಾ ತುದಿ ಬಾಯಿಗೆ ಒತ್ತಿಕೊಂಡೇ ಮಾತಾಡುತ್ತಾರೆ. ಅರ್ಧ ಮಾತು ಕೇಳಿಸುವುದೇ ಇಲ್ಲ. ನೀನು ಡಾಕ್ಟರ್ ಹತ್ತಿರ ಹೋದಾಗ ಕೈ ತೆಗೆದು ಮಾತಾಡು ಪುಟ್ಟಿ. ಇದನ್ನು ನೋಡೋದೇ ಅವರ ಕೆಲಸ, ಅಲ್ವಾ?

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕ. ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ ತುಟಿ ಮೇಲೆ ಸ್ವಲ್ಪ ಕೂದಲಿದೆ. ಹುಡುಗರು ಕರಿಹಲಗೆ ಮೇಲೆ ಮೀಸೆ ಬರೆದು ಅವಳ ರೋಲ್ ನಂಬರ್ ಹಾಕಿದ್ದರು. ನಾನು ಗಂಡಸು, ಈ ವಿಷಯ ಮಾತಾಡೋದು ಹೇಗೆ?
— ಹಾವೇರಿ ಜಿಲ್ಲೆ

ಉತ್ತರ: ಸರ್, ನೀವೇ ಮಾತಾಡಬೇಕು. ಇದು ಹೆಂಗಸರ ವಿಷಯ ಅಂತ ನೀವು ಪಕ್ಕಕ್ಕೆ ಸರಿದರೆ ಹುಡುಗರೂ ಹಾಗೇ ತಿಳಿಯುತ್ತಾರೆ.

ಆದರೆ ಕ್ಲಾಸಿನಲ್ಲಿ ಅವಳ ಹೆಸರು ಎತ್ತಬೇಡಿ, ಅವಳ ಪರವಾಗಿಯೂ ಬೇಡ. ಬರೆದವರನ್ನು ಬೇರೆ ಕರೆದು ಮಾತಾಡಿ. ಇಡೀ ತರಗತಿಗೆ ಹದಿಹರೆಯದ ಪಾಠ ಮಾಡುವಾಗ ವಿಷಯ ತನ್ನಿ. ಹುಡುಗರಿಗೆ ಮೀಸೆ ಬರಿಸುವ ಹಾರ್ಮೋನು ಹುಡುಗಿಯರ ಮೈಯಲ್ಲೂ ಇರುತ್ತದೆ, ಪ್ರಮಾಣ ಮಾತ್ರ ಕಡಿಮೆ. ಇದನ್ನು ಹುಡುಗರಿಗೆ ಯಾರೂ ಹೇಳಿಯೇ ಇರುವುದಿಲ್ಲ.

2024ರಲ್ಲಿ ಉತ್ತರ ಪ್ರದೇಶದ ಒಬ್ಬ ಹುಡುಗಿ ಹತ್ತನೇ ತರಗತಿಯಲ್ಲಿ 600ಕ್ಕೆ 591 ಅಂಕ ತೆಗೆದು ಇಡೀ ರಾಜ್ಯಕ್ಕೆ ಮೊದಲು ಬಂದಳು. ಪತ್ರಿಕೆಯಲ್ಲಿ ಫೋಟೋ ಬಂತು. ಜನ ಅಂಕ ಬಿಟ್ಟು ಅವಳ ಮುಖದ ಕೂದಲು ನೋಡಿದರು. ಸಾವಿರಾರು ಜನ ಗೇಲಿ ಮಾಡಿದರು. ಒಂದೆರಡು ಅಂಕ ಕಡಿಮೆ ಬಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ ಅಂತ ಆ ಮಗು ಹೇಳುವ ಹಾಗಾಯಿತು. ಇದನ್ನು ಹುಡುಗರಿಗೆ ಹೇಳಿ, ‘ಇದರಲ್ಲಿ ತಪ್ಪು ಯಾರದ್ದು?’ ಅಂತ ಕೇಳಿ ಬಿಟ್ಟುಬಿಡಿ. ಅವರೇ ಮಾತಾಡಲಿ.

ಆ ಹುಡುಗಿಯ ಮೇಲೆ ದೂರದಿಂದ ಕಣ್ಣಿಡಿ. ಪಿ.ಟಿ. ಪೀರಿಯಡ್ ತಪ್ಪಿಸುತ್ತಿದ್ದಾಳಾ, ಊಟದ ಹೊತ್ತಿಗೆ ಒಬ್ಬಳೇ ಕೂರುತ್ತಾಳಾ, ಗೈರುಹಾಜರಿ ಹೆಚ್ಚಾಗಿದೆಯಾ? ಹಾಗಿದ್ದರೆ ಅವಳಿಗೆ ಇಷ್ಟವಾದ ಒಬ್ಬ ಮೇಡಂ ಮೂಲಕ ಮಾತಾಡಿಸಿ, ಮನೆಯವರಿಗೂ ತಿಳಿಸಿ. ಮನಸ್ಸಿನ ನೋವಿಗೆ 14416 ಟೆಲಿ ಮಾನಸ್ ನಂಬರ್ ಇದೆ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳೊಬ್ಬಳಿಗೇ ಕೊಡಬೇಡಿ. ಕರಿಹಲಗೆಯ ಮೂಲೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದಿಡಿ.